ನೋಡುವಂಥದ್ದೇನೂ ಇಲ್ಲದ ಕಡೆಗೆ

ಈಚೆಗೆ ಒಂದು ವಿಚಾರಸಂಕಿರಣದಲ್ಲಿ ‘ನೆಲಮೂಲ ಸಂವೇದನೆ’ಯ ಬಗ್ಗೆ ಎರಡು ದಿನ ಮಾತಾಯಿತು. ಊಟದ ಸಾಲಿನಲ್ಲಿ ನಿಂತಾಗ, ಶನಿವಾರಗಳಂದು ನಾನೇನು ಮಾಡುತ್ತೇನೆ ಎಂಬ ಸುದ್ದಿ ಹೇಗೋ ಬಂತು. ಹಿರಿಯ ವಿಮರ್ಶಕರೊಬ್ಬರು ನಕ್ಕು, “ಇವೆಲ್ಲ ಸಾಫ್ಟ್‌ವೇರ್ ಮಂದಿ ಶೋಕಿ ಬಿಡವಾ, ಹಳ್ಳಿ ತಿಳೀಬೇಕಂದ್ರ ಕಾದಂಬರಿ ಓದು” ಅಂದರು. ಅಲ್ಲಿ ಅನ್ನ-ಸಾರು ಹಿಡಿದು ಜಗಳವಾಡಲಾಗಲಿಲ್ಲ. ಇಲ್ಲಿ ಆಡುತ್ತೇನೆ.

ನಾನು ಮಾಡುವುದು ಜಿಯೋಹ್ಯಾಶಿಂಗ್. ರಾಂಡಲ್ ಮನ್ರೋ ಎಂಬ ಅಮೆರಿಕದ ಕಾಮಿಕ್ ಕಲಾವಿದ 2008ರ ಮೇ ತಿಂಗಳಲ್ಲಿ ತನ್ನ ‘ಎಕ್ಸ್‌ಕೆಸಿಡಿ’ಯಲ್ಲಿ ತಮಾಷೆಗೆ ಕೊಟ್ಟ ಸೂತ್ರ ಅದು. ತಾರೀಖನ್ನೂ ನ್ಯೂಯಾರ್ಕ್ ಷೇರುಪೇಟೆಯ ಡೌ ಜೋನ್ಸ್ ಸೂಚ್ಯಂಕದ ಆರಂಭದ ಅಂಕಿಯನ್ನೂ ಜೋಡಿಸಿ ಎಂಡಿ-5 ಎಂಬ ಗಣಿತದ ಗಿರಣಿಗೆ ಹಾಕಿದರೆ ಅರ್ಥವಿಲ್ಲದ 32 ಅಕ್ಷರ-ಅಂಕಿಗಳ ಸಾಲು ಹೊರಬರುತ್ತದೆ. ಅದನ್ನು ನಡುವೆ ಮುರಿದು, ಎರಡೂ ತುಂಡುಗಳನ್ನು ದಶಮಾಂಶಗಳನ್ನಾಗಿಸಿ, ನಿಮ್ಮ ಊರಿನ ಅಕ್ಷಾಂಶ-ರೇಖಾಂಶಗಳ ಪೂರ್ಣಾಂಕಕ್ಕೆ ಅಂಟಿಸಿ. ಒಂದು ಬಿಂದು ಸಿಗುತ್ತದೆ. ಅಲ್ಲಿಗೆ ಹೋಗಬೇಕು, ಅಷ್ಟೇ. ಭೂಗೋಳದ ನಮ್ಮ ಭಾಗದವರು ಹಿಂದಿನ ದಿನದ ಅಂಕಿ ಬಳಸುವುದರಿಂದ, ಶುಕ್ರವಾರ ಸಂಜೆ ಆ ಪೇಟೆ ತೆರೆದರೆ ಶನಿವಾರ, ಭಾನುವಾರ, ಸೋಮವಾರ ಮೂರೂ ದಿನದ ಬಿಂದು ಗೊತ್ತಾಗಿಬಿಡುತ್ತದೆ. ವಾಲ್ ಸ್ಟ್ರೀಟಿನ ಲೆಕ್ಕ ನನ್ನನ್ನು ಯಾರದೋ ಕಡಲೆ ಹೊಲಕ್ಕೆ ಕಳಿಸುತ್ತದೆ ಎಂಬುದರಲ್ಲಿರುವ ವಿಡಂಬನೆ ನನಗೂ ಕಾಣುತ್ತದೆ.

ನನ್ನ ಚೌಕದ ಹೆಸರು 15, 75. ಧಾರವಾಡ ಅದರ ಪಶ್ಚಿಮದ ಅಂಚಿಗೆ ಜೋತುಬಿದ್ದಿದೆ. ಹುಬ್ಬಳ್ಳಿ, ನವಲಗುಂದ, ನರಗುಂದ, ಅಣ್ಣಿಗೇರಿ, ಗದಗ, ಲಕ್ಕುಂಡಿ, ಲಕ್ಷ್ಮೇಶ್ವರ, ಬಾದಾಮಿ ಒಳಗೆ. ಪಟ್ಟದಕಲ್ಲು ಒಳಗೆ, ಐಹೊಳೆ ಕೂದಲೆಳೆಯಷ್ಟರಲ್ಲಿ ಹೊರಗೆ. ಸುಮಾರು 12,000 ಚದರ ಕಿಲೋಮೀಟರ್. ಇಷ್ಟು ದೊಡ್ಡ ನೆಲದಲ್ಲಿ ನಮ್ಮ ಕನ್ನಡ ಎಂ.ಎ. ಓದಿದವರ ನಕಾಶೆ ಎಷ್ಟು? ಪಂಪನಿಗೆ ಅಣ್ಣಿಗೇರಿ, ಕುಮಾರವ್ಯಾಸನಿಗೆ ವೀರನಾರಾಯಣ ಗುಡಿ, ಬೇಂದ್ರೆಗೆ ಸಾಧನಕೇರಿ, ಶಾಸನಕ್ಕೆ ಬಾದಾಮಿ. ಬಸ್ಸಿನ ಕಿಟಕಿಯಿಂದ ಕಂಡದ್ದೆಲ್ಲ ಇವುಗಳ ನಡುವಿನ ದೂರ.

‘ಕ್ಷೇತ್ರಕಾರ್ಯ’ ಮಾಡುತ್ತೇವಲ್ಲ ಅನ್ನುತ್ತೀರಿ. ಮಾಡುತ್ತೇವೆ. ಯಾವ ಊರಿಗೆ ಹೋಗುತ್ತೇವೆ? ಅತ್ತೆಯ ಮನೆಯಿದ್ದಲ್ಲಿಗೆ, ಗೈಡ್ ಸರ್ ಶಿಷ್ಯ ಮಾಸ್ತರನಾಗಿರುವಲ್ಲಿಗೆ. ಬಿಡಿಸಿ ಹೇಳುವುದಾದರೆ, ನಮ್ಮ ಜಾತಿಯವರ ಪಡಸಾಲೆಯಲ್ಲಿ ಚಹಾ ಸಿಗುವಲ್ಲಿಗೆ. ಅಲ್ಲಿ ಕೂತು ಊರೆಲ್ಲ ಹೀಗಿದೆ ಎಂದು ಬರೆದುಕೊಂಡು ಬರುತ್ತೇವೆ. ನನ್ನ ಪ್ರಬಂಧದ ಎರಡನೇ ಅಧ್ಯಾಯ ಹಾಗೆಯೇ ಆದದ್ದು, ಅದನ್ನು ಈಗ ಹರಿದು ಹಾಕಿದ್ದೇನೆ. ಆ 32 ಅಕ್ಷರಗಳಿಗೆ ನನ್ನ ನೆಂಟರು ಗೊತ್ತಿಲ್ಲ, ಕವಿ ಹುಟ್ಟಿದ ಊರೂ ಗೊತ್ತಿಲ್ಲ. ನಾನಾಗಿ ಎಂದೂ ಆರಿಸದ ಕಡೆಗೆ ಅವು ನನ್ನನ್ನು ಕಳಿಸುತ್ತವೆ. ನನ್ನ ವಾದವಿರುವುದು ಇಲ್ಲಿ: ನಮ್ಮ ಆಯ್ಕೆಗಿಂತ ಈ ಕುರುಡು ಲೆಕ್ಕ ಹೆಚ್ಚು ಪ್ರಾಮಾಣಿಕ.

ಒಂದು ಶನಿವಾರ ಬಿಂದು ನವಲಗುಂದದ ಆಚೆ ಬಿತ್ತು. ಎರೆ ಹೊಲ, ಹಿಂದಿನ ದಿನ ಮಳೆ. ಚಪ್ಪಲಿಗೆ ಎರಡೆರಡು ಕಿಲೋ ಮಣ್ಣು ಮೆತ್ತಿಕೊಂಡು, ಕೊನೆಗೆ ಅವನ್ನು ಕೈಯಲ್ಲಿ ಹಿಡಿದು ನಡೆದೆ. ಪಕ್ಕದಲ್ಲಿ ಜಾಲಿ ಬೆಳೆದ ಸಣ್ಣ ಕಾಲುವೆ. ಫೋನನ್ನು ಎತ್ತಿ ಹಿಡಿದು ಹತ್ತು ಹೆಜ್ಜೆ ಅತ್ತ, ಹತ್ತು ಹೆಜ್ಜೆ ಇತ್ತ ಹೋಗುತ್ತಿದ್ದಾಗ ಬದುವಿನ ಮೇಲಿಂದ ಒಬ್ಬ ಅಜ್ಜ ಕೂಗಿದ.

“ಯಾವ ಆಫೀಸಿನಾಕಿ ನೀ? ಅಳತಿಗೆ ಬಂದೀಯೇನು?”

“ಇಲ್ರೀ ಅಜ್ಜಾ, ಧಾರವಾಡದಾಗ ಓದಾಕತ್ತೀನಿ.”

“ಓದೋರಿಗೆ ನನ್ನ ಹೊಲದಾಗ ಏನೈತಿ?”

ಏನೂ ಇಲ್ಲವೆಂದೇ ಬಂದೆ ಎನ್ನಲು ನಾಲಿಗೆ ಏಳಲಿಲ್ಲ. ಆಗ ನನಗೆ ಹೊಳೆದದ್ದು, ಫೋನು ಹಿಡಿದು ಹೊಲದಲ್ಲಿ ಬಿಂದು ಹುಡುಕುವ ಅಪರಿಚಿತರನ್ನು ಆತ ಮೊದಲೂ ನೋಡಿದ್ದಾನೆ ಎಂಬುದು. ನನಗೆ ಆಟವಾದದ್ದು ಅವನಿಗೆ ಭೂಸ್ವಾಧೀನದ ನೋಟಿಸಿನ ಮುನ್ಸೂಚನೆ. ಜಗತ್ತಿನ ಬೇರೆ ಕಡೆಯ ಹ್ಯಾಶರುಗಳು ತಮ್ಮ ತಿರುಗಾಟದ ಕಥೆ ಬರೆಯುವಾಗ ಬೇಲಿಯನ್ನು ಅಡ್ಡಿಯೆಂದು ಬರೆಯುತ್ತಾರೆ. ಬೇಲಿಯ ಒಳಗಿರುವವನ ಎದೆ ಡವಗುಟ್ಟಿದ್ದನ್ನು ಯಾರು ಬರೆಯುತ್ತಾರೆ? ಅಂದಿನಿಂದ ನಾನು ಫೋನು ತೆಗೆಯುವ ಮೊದಲು ಮನುಷ್ಯರನ್ನು ಹುಡುಕಿ ಕೇಳುತ್ತೇನೆ. ಬೇಡವೆಂದರೆ ವಾಪಸು.

ಅಜ್ಜ ನಂಬಿದ ಮೇಲೆ ಬುತ್ತಿ ಬಿಚ್ಚಿದ. ರೊಟ್ಟಿ, ಶೇಂಗಾ ಹಿಂಡಿ. ಕಾಲುವೆ ತೋರಿಸಿ, “ನೀರು ಬರೂದಕ್ಕಿಂತ ಮೊದಲ ಕರ ಬಂತು” ಅಂದ. 1980ರ ಜುಲೈ 21ರಂದು ನರಗುಂದ-ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆದದ್ದು, ಮಲಪ್ರಭಾ ಅಚ್ಚುಕಟ್ಟಿನ ನೀರಿನ ಕರ ಮತ್ತು ಅಭಿವೃದ್ಧಿ ಕರ ಅದರ ಹಿಂದಿದ್ದದ್ದು, ಎಲ್ಲವೂ ನನ್ನ ಟಿಪ್ಪಣಿಗಳಲ್ಲಿತ್ತು. ಬಂಡಾಯ ಸಾಹಿತ್ಯದ ಹಿನ್ನೆಲೆಯೆಂದು ಒಂದು ಪ್ಯಾರಾ ಬರೆದು ಮುಗಿಸಿದ್ದೆ. ಆ ಕಾಲುವೆಯ ಒಣ ತಳದಲ್ಲಿ ಜಾಲಿಯ ಬೇರು ಎಷ್ಟು ದಪ್ಪವಾಗಿದೆ ಎಂಬುದು ಆ ಪ್ಯಾರಾದಲ್ಲಿ ಇರಲಿಲ್ಲ.

ಇದನ್ನು ಕಾದಂಬರಿ ಓದಿ ತಿಳಿಯಬಹುದಿತ್ತೇ, ಸರ್? ಇರಬಹುದು. ಆದರೆ ಅಂಥ ಕಾದಂಬರಿ ಬರೆಯಬೇಕಾದವರು ನಾವು, ಮತ್ತು ನಾವೆಲ್ಲ ವಿಚಾರಸಂಕಿರಣದ ಊಟದ ಸಾಲಿನಲ್ಲಿದ್ದೇವೆ.

ಇನ್ನು ಇದರ ಅಣ್ಣನಾದ ಜಿಯೋಕ್ಯಾಶಿಂಗ್ ವಿಷಯ. ಅಮೆರಿಕ ತನ್ನ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡುವುದನ್ನು 2000ದ ಮೇ ಮೊದಲ ವಾರ ನಿಲ್ಲಿಸಿತು. ಮರುದಿನ, ಮೇ 3ರಂದು, ಡೇವ್ ಉಲ್ಮರ್ ಎಂಬಾತ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ಟಿನಲ್ಲಿ ಪುಸ್ತಕ, ಡಬ್ಬಿ ಅವರೆ, ಇನ್ನೇನೋ ಇಟ್ಟು ಜಾಗದ ಅಂಕಿಗಳನ್ನು ಪ್ರಕಟಿಸಿದ. ಅಲ್ಲಿಂದ ಶುರು. ನನ್ನ ಹಾಸ್ಟೆಲಿನ ಗೆಳತಿಯೊಬ್ಬಳಿಗೆ ಲಕ್ಕುಂಡಿಯ ಹಾಳು ಗುಡಿ-ಬಾವಿಗಳ ಸುತ್ತ ಹೀಗೆ ಡಬ್ಬಿ ಬಚ್ಚಿಟ್ಟು ವಿದ್ಯಾರ್ಥಿಗಳನ್ನು ಸೆಳೆಯಬೇಕೆಂಬ ಆಸೆ. ನಾನು ಖಂಡತುಂಡವಾಗಿ ಬೇಡವೆಂದೆ. ನಿಧಿಯಾಸೆಗೆ ಬಸವನ ಹೊಟ್ಟೆ ಒಡೆದ, ಲಿಂಗದ ಕೆಳಗೆ ಗುಂಡಿ ತೋಡಿದ ಸುದ್ದಿಗಳು ಬರುತ್ತಲೇ ಇರುವ ನಾಡಿನಲ್ಲಿ, ಕಲ್ಲಿನ ಸಂದಿಯಲ್ಲಿ ಏನೋ ಇದೆಯಂತೆ ಎಂಬ ಪುಕಾರು ಹಬ್ಬಿಸುವುದು ಆಟವಲ್ಲ. ಜಮೀನಿನವರ ಅನುಮತಿ ಬೇಕು, ನೆಲ ಅಗೆಯಬಾರದು ಎಂದು ಆ ಆಟದ ನಿಯಮಗಳೇ ಹೇಳುತ್ತವೆ. ಆದರೆ ಪುಕಾರಿಗೆ ನಿಯಮ ಓದಲು ಬರುವುದಿಲ್ಲ. ಗೆಳತಿ ಎರಡು ದಿನ ಮಾತು ಬಿಟ್ಟಳು.

ಹೆಣ್ಣುಮಗಳಾಗಿ ಇನ್ನೊಂದು ಮಾತು ಹೇಳಲೇಬೇಕು. ಹನ್ನೊಂದು ಸಲ ಹೊರಟೆ, ಆರು ಬಿಂದು ಮುಟ್ಟಿದೆ. ಒಂದು ಮಲಪ್ರಭೆಯ ಹಿನ್ನೀರಿನ ನಡುವಿತ್ತು, ಬಿಡಿ. ಉಳಿದ ನಾಲ್ಕು ಕಡೆ ಹಿಂದಿರುಗಿದ್ದು ದಾರಿಯಿಲ್ಲದೆ ಅಲ್ಲ. ಸಂಜೆ ಐದಾಗಿತ್ತು, ಅಥವಾ ಬೈಕೊಂದು ಎರಡು ಸಲ ಹಿಂದೆ ಬಂದಿತ್ತು. “ಒಬ್ಬಾಕಿನ ಬಂದೀಯಾ?” ಎಂಬ ಪ್ರಶ್ನೆ ಮುದುಕಿಯ ಬಾಯಲ್ಲಿ ಕಕ್ಕುಲಾತಿ, ಬೈಕಿನವನ ಬಾಯಲ್ಲಿ ಬೇರೆಯೇ. ಅಲೆಮಾರಿತನವನ್ನು ಹಾಡಿ ಹೊಗಳುವ ನಮ್ಮ ಲೇಖಕರ ಸಾಲಿನಲ್ಲಿ ಗಂಡಸರೇ ಯಾಕೆ ತುಂಬಿದ್ದಾರೆ ಎಂಬುದಕ್ಕೆ ಬೇರೆ ಸಿದ್ಧಾಂತ ಬೇಕಿಲ್ಲ. ಆ ನಾಲ್ಕು ಬಿಂದುಗಳನ್ನೂ ನನ್ನ ನಕಾಶೆಯಲ್ಲಿ ಗುರುತು ಹಾಕಿದ್ದೇನೆ, ಮುಟ್ಟಿದ ಆರಕ್ಕಿಂತ ದಪ್ಪ ಶಾಯಿಯಲ್ಲಿ.

ನಕ್ಕ ಹಿರಿಯರಿಗೆ: ಈ ಶುಕ್ರವಾರ ರಾತ್ರಿ ಎಂಟರ ಹೊತ್ತಿಗೆ ಬಿಂದು ಗೊತ್ತಾಗುತ್ತದೆ. ನನ್ನ ಸ್ಕೂಟಿಯ ಹಿಂದಿನ ಸೀಟು ಖಾಲಿಯಿದೆ. ಮಳೆಯಾಗಿದ್ದರೆ ಚಪ್ಪಲಿ ಕೈಯಲ್ಲಿ ಹಿಡಿಯಬೇಕಾಗುತ್ತದೆ.