ತಂತಿ ಝರ್ ಎಂದರೆ ತಪ್ಪು ಯಾರದು?

‘ಕುಣಿಯಲಾರದವಳು ನೆಲ ಡೊಂಕೆಂದಳು’ ಎಂಬ ಗಾದೆಯನ್ನು ವಾದ್ಯ ಕಲಿಯುವ ಮಕ್ಕಳಿಗೆ ನಾವು ಬಲು ಬೇಗ ಅನ್ವಯಿಸುತ್ತೇವೆ. ಬೇಸ್ ಗಿಟಾರಿನ ತಂತಿ ಝರ್ ಎಂದಾಗ ‘ನಿನ್ನ ಬೆರಳೇ ಸರಿಯಿಲ್ಲ’ ಎಂದು ಗದರುವವರುಂಟು. ‘ವಾದ್ಯ ಕೆಟ್ಟಿತು, ಹೊಸದು ಬೇಕು’ ಎಂದು ಹಟ ಹಿಡಿಯುವವರೂ ಉಂಟು. ಇವೆರಡೂ ಅವಸರದ ತೀರ್ಪುಗಳೆಂಬುದು ನಮ್ಮ ಅಭಿಪ್ರಾಯ. ಕೆಲವೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಆದರೆ ಅದನ್ನು ಪರೀಕ್ಷಿಸಿಯೇ ಹೇಳಬೇಕು.

ಮ್ಹೈಸಾಳದ ನೆರೆಯ ಮಿರಜ ಸಿತಾರ-ತಂಬೂರಿಗಳ ಊರು. ಹಿಂದೆ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ೧೯ನೆಯ ಶತಮಾನದಲ್ಲಿ ಇಲ್ಲಿ ವಾದ್ಯ ತಯಾರಿಕೆಗೆ ತೊಡಗಿದರು. ೨೦೨೪ರಲ್ಲಿ ಮಿರಜದ ಸಿತಾರ ಹಾಗೂ ತಂಬೂರಿಗಳಿಗೆ ಭೌಗೋಳಿಕ ಸೂಚಕ ಮನ್ನಣೆ ದೊರೆಯಿತು. ತಂಬೂರಿಯ ತಂತಿ ಝೇಂಕರಿಸಲೇಬೇಕು. ಅಗಲವಾದ ಕುದುರೆಯ ಮೈಯನ್ನು ನವಿರಾಗಿ ತಿಕ್ಕಿ, ತಂತಿಯಡಿ ನೂಲಿನ ಎಳೆ ಸರಿಸಿ ಆ ನಾದವನ್ನು ಹೊರಡಿಸುತ್ತಾರೆ. ಇದಕ್ಕೆ ಜವಾರಿ ಎನ್ನುವರು. ತಂತಿಯ ಒರೆತಕ್ಕೆ ಕುದುರೆ ಸವೆದರೆ ಜವಾರಿಯನ್ನು ಮತ್ತೆ ಸರಿಪಡಿಸಬೇಕು.

ತಂಬೂರಿಗೆ ಶೋಭೆಯಾದ ಈ ಸ್ಪರ್ಶವೇ ಬೇಸ್ ಗಿಟಾರಿಗೆ ದೋಷ. ಅದರ ದಪ್ಪ ತಂತಿ ಅಗಲವಾಗಿ ಕಂಪಿಸುತ್ತದೆ. ದಂಡಿಯ ಮೇಲಿನ ಫ್ರೆಟ್ ಎಂಬ ಲೋಹದ ಮೆಟ್ಟುಗಳಿಗೆ ತಗಲಿದರೆ ಸ್ವರ ಒಡೆಯುತ್ತದೆ. ಮೊದಲು ಶ್ರುತಿ ಸರಿಪಡಿಸಿ. ಸಡಿಲ ತಂತಿ ಝರ್ ಎನ್ನುವುದು ಸಹಜ. ಮೆಟ್ಟಿನ ಹಿಂದೆಯೇ, ಅದಕ್ಕೆ ಹತ್ತಿರವಾಗಿ ಬೆರಳೊತ್ತಿ. ಪಳಗಿದ ಕೈಯಲ್ಲೂ ಅದೇ ಸದ್ದು ಬಂದರೆ ದೋಷ ವಾದ್ಯದ್ದು. ಬೆರಳೊತ್ತದ ತಂತಿಯಷ್ಟೇ ಕೆರೆದರೆ ಬಿರಡೆಗಳ ಬಳಿಯ ಕಚ್ಚು ಆಳವಾಗಿದೆ. ಒಂದೇ ಜಾಗದಲ್ಲಿ ಕೆರೆದರೆ ಅದರ ಮುಂದಿನ ಮೆಟ್ಟು ಎದ್ದಿರಬಹುದು. ಮೊದಲ ನಾಲ್ಕೈದು ಮೆಟ್ಟುಗಳಲ್ಲಿ ಕೆರೆದರೆ ದಂಡಿ ಹಿಂದಕ್ಕೆ ಬಾಗಿರಬಹುದು. ಕುದುರೆಯತ್ತಣ ಮೆಟ್ಟುಗಳಲ್ಲಿ ಕೆರೆದರೆ ಕುದುರೆ ತಗ್ಗಾಗಿರಬಹುದು. ಮಳೆ-ಬೇಸಿಗೆಗಳ ತೇವದ ಏರಿಳಿತಕ್ಕೆ ಮರ ಬಾಗುವುದುಂಟು.

ಕುದುರೆಯ ಸ್ಕ್ರೂ ತಿರುಗಿಸಿ ತಂತಿಯನ್ನು ತುಸು ಎತ್ತರಿಸಬಹುದು. ದಂಡಿಯೊಳಗಿನ ಉಕ್ಕಿನ ಸರಳನ್ನು ಸಡಿಲಿಸಬೇಕಾದರೆ ಒಮ್ಮೆಗೆ ಕಾಲು ಸುತ್ತು ಸಾಕು; ಮತ್ತೆ ನುಡಿಸಿ ನೋಡಬೇಕು. ಮೆಟ್ಟು ತಿಕ್ಕುವ ಕೆಲಸ ಮಾತ್ರ ಬಲ್ಲವರಿಗೆ ಬಿಡಬೇಕು. ತಿಕ್ಕಿಹೋದ ಲೋಹ ಮರಳಿ ಬೆಳೆಯದು.

ಇಂಥ ಕೆಲಸವನ್ನು ಕೀಳೆಂದು ಭಾವಿಸಬಾರದು. ಕುಂದಗೋಳದ ಸವಾಯಿ ಗಂಧರ್ವರ ಗುರುಗಳೂ ಮಿರಜದಲ್ಲಿ ನೆಲೆಸಿದ್ದ ಮಹಾಗಾಯಕರೂ ಆದ ಅಬ್ದುಲ್ ಕರೀಮ್ ಖಾನರು ವಾದ್ಯಗಳ ದುರಸ್ತಿಯಲ್ಲೂ ನಿಪುಣರಾಗಿದ್ದರು. ಹಾಡುವ ಕಿವಿಯೇ ದೋಷವನ್ನೂ ಹುಡುಕಬಲ್ಲದು.

ಆದ್ದರಿಂದ ಪಾಲಕರು ಗದರುವ ಮೊದಲು ಒಮ್ಮೆ ಕಿವಿಗೊಡಲಿ. ಮಕ್ಕಳು ಹೊಸದನ್ನು ಬೇಡುವ ಮೊದಲು ಹಳೆಯದರ ರೋಗವನ್ನು ಅರಿಯಲಿ. ಮಿರಜದ ವಾದ್ಯದಂಗಡಿಗಳಿಗೆ ಶಾಲೆಗಳು ವರ್ಷಕ್ಕೊಮ್ಮೆಯಾದರೂ ವಿದ್ಯಾರ್ಥಿಗಳನ್ನು ಕರೆದೊಯ್ಯಲಿ. ಕಾರಣ ತಿಳಿದು ದುರಸ್ತಿ ಮಾಡುವುದೂ ವಿದ್ಯೆಯೇ ಎಂಬುದು ಅಲ್ಲಿ ಅವರಿಗೆ ಮನದಟ್ಟಾದೀತು.