ಸಿಲೋವಾಮಿನ ಗೋಪುರ, ನಮ್ಮೂರ ಚಪ್ಪಡಿ ಮನೆ

ಹೊಸೂರು, ತಳಿ, ಕೆಲಮಂಗಲ, ದೆಂಕಣಿಕೋಟೆ ಕಡೆ ನೆಲ ಅದುರಿದರೆ ಜನರ ಬಾಯಲ್ಲಿ ಮೊದಲು ಬರುವ ಮಾತು, ‘ಕ್ವಾರಿಯಲ್ಲಿ ಬಂಡೆ ಸಿಡಿಸಿರಬೇಕು’ ಎಂದು. ಕೃಷ್ಣಗಿರಿ ಜಿಲ್ಲೆಯ ಗ್ರಾನೈಟ್ ಕ್ವಾರಿಗಳ ಪಕ್ಕದಲ್ಲಿ ಬೆಳೆದವರಿಗೆ ಕಿಟಕಿ ಗಾಜು ನಡುಗುವುದು, ಶೆಲ್ಫಿನ ಪಾತ್ರೆ ಸದ್ದು ಮಾಡುವುದು ಹೊಸದೇನಲ್ಲ. ಎರಡನೆಯ ಮಾತು ಹತ್ತು ನಿಮಿಷದೊಳಗೆ ಮೊಬೈಲಿಗೆ ಬರುತ್ತದೆ. ಇದು ಅಂತ್ಯಕಾಲದ ಗುರುತು, ನಮ್ಮ ಪಾಪಕ್ಕೆ ದೇವರು ಕೊಟ್ಟ ಎಚ್ಚರಿಕೆ, ಕೂಡಲೇ ಹತ್ತು ಜನರಿಗೆ ಕಳಿಸಿ. ನಮ್ಮ ಗಡಿನಾಡಿನ ಮನೆಗಳಿಗೆ ಇದು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬರುತ್ತದೆ. ಹೆದರಿಸುವವರಿಗೆ ಭಾಷೆಯ ಜಗಳವಿಲ್ಲ.

ನನ್ನ ತಕರಾರು ಈ ಎರಡನೆಯ ಮಾತಿನ ಮೇಲೆ.

ನಮ್ಮದು ನೆಲ ನಡುಗದ ಸೀಮೆ ಎಂದು ನಾವು ನಂಬಿಕೊಂಡಿದ್ದೇವೆ. ಆದರೆ 1984ರ ಮಾರ್ಚ್ 20ರಂದು, ತಪಸ್ಸುಕಾಲದ ನಡುವೆ, ಹೊಸೂರಿನ ದಕ್ಷಿಣಕ್ಕೇ ಕೇಂದ್ರವಿದ್ದ ಸುಮಾರು 4.6 ತೀವ್ರತೆಯ ಭೂಕಂಪವಾಗಿತ್ತು. ಬೆಂಗಳೂರಿನವರಿಗೂ ಅದರ ಅನುಭವವಾಯಿತು. ಮನೆಯಲ್ಲಿ ಐವತ್ತು ದಾಟಿದವರನ್ನು ಕೇಳಿ ನೋಡಿ, ಯಾರಾದರೂ ನೆನಪಿಸಿಕೊಂಡಾರು. ಅದಕ್ಕೂ ಹಿಂದೆ, 1900ರ ಫೆಬ್ರವರಿಯಲ್ಲಿ, ಕೊಯಮತ್ತೂರಿನ ಕಡೆ ಆದದ್ದು 6ರ ಆಸುಪಾಸಿನದು. ಹತ್ತಿರದ ನೆನಪು 2021ರ ಡಿಸೆಂಬರ್ 22ರದು. ಕ್ರಿಸ್ಮಸ್ಸಿಗೆ ಮೂರೇ ದಿನ ಇತ್ತು, ಮನೆಮನೆಯಲ್ಲಿ ಗೋದಲಿ ಕಟ್ಟುವ ಗಡಿಬಿಡಿ. ಬೆಳಿಗ್ಗೆ ಏಳು ದಾಟುತ್ತಿದ್ದಂತೆ ಚಿಕ್ಕಬಳ್ಳಾಪುರದ ಕಡೆ ಐದು ನಿಮಿಷದ ಅಂತರದಲ್ಲಿ ಎರಡು ಸಲ ಭೂಮಿ ನಡುಗಿತು. ತೀವ್ರತೆ 3ರ ಸುಮಾರು.

ಕಾರಣ ಗುಟ್ಟಿನದೇನಲ್ಲ. ನಾವು ನಿಂತಿರುವ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿದು ಏಷ್ಯಾದ ಫಲಕವನ್ನು ಒತ್ತುತ್ತಿದೆ. ಹಿಮಾಲಯ ಎದ್ದದ್ದೇ ಆ ಒತ್ತಡದಿಂದ. ಅದರ ಒಂದು ಪಾಲು ದಕ್ಷಿಣದ ಹಳೆಯ ಬಂಡೆಗಳ ಬಿರುಕುಗಳಲ್ಲೂ ಕೂಡಿಕೊಂಡಿರುತ್ತದೆ, ಅಪರೂಪಕ್ಕೆ ಸಡಿಲವಾಗುತ್ತದೆ. ನಮ್ಮ ಬಂಡೆ ಗಟ್ಟಿ, ಆದ್ದರಿಂದ ಸಣ್ಣ ನಡುಕವೂ ದೂರದವರೆಗೆ ಸಾಗುತ್ತದೆ. ಅಳತೆಯನ್ನೂ ತಿಳಿದಿರಬೇಕು. ತೀವ್ರತೆ ಒಂದು ಅಂಕ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚು. 3ಕ್ಕೂ 6ಕ್ಕೂ ನಡುವೆ ಮೂವತ್ತು ಸಾವಿರ ಪಟ್ಟಿನ ಅಂತರ. ಮೆಸೇಜು ಕಳಿಸುವವರಿಗೆ ಎರಡೂ ಒಂದೇ!

ಇನ್ನು ಕೆಲವು ಸಲ ಅದು ಭೂಕಂಪವೇ ಆಗಿರುವುದಿಲ್ಲ. 2020ರ ಮೇ 20ರಂದು, ಲಾಕ್‌ಡೌನ್ ಕಾಲದಲ್ಲಿ, ಬೆಂಗಳೂರನ್ನು ಬೆಚ್ಚಿಬೀಳಿಸಿದ ಭಾರಿ ಸದ್ದು ವಾಯುಪಡೆಯ ವಿಮಾನದ ಪರೀಕ್ಷಾ ಹಾರಾಟದ್ದು. ವಿಮಾನ ಶಬ್ದದ ವೇಗ ಮೀರಿದಾಗ ಹಾಗಾಗುತ್ತದೆ. ಆ ಮಧ್ಯಾಹ್ನ ಲೋಕಾಂತ್ಯ ಸಾರಿದವರು ಯಾರೂ ಸಂಜೆ ತಿದ್ದುಪಡಿ ಕಳಿಸಿದ್ದನ್ನು ನಾನು ಕಾಣೆ.

‘ಭಯದಿಂದಾದರೂ ಜನ ದೇವಾಲಯಕ್ಕೆ ಬರಲಿ ಬಿಡಿ, ತಪ್ಪೇನು?’ ಎನ್ನುವವರಿದ್ದಾರೆ. ಹಾಗೆ ಬಂದವರು ಎರಡು ಭಾನುವಾರ ಬರುತ್ತಾರೆ. ಭಯ ಮಾತ್ರ ಒಂಟಿಯಾಗಿ ಮಲಗುವ ಅಜ್ಜಿಯ ಬಳಿಯೇ ಉಳಿಯುತ್ತದೆ. ಯಾರಿಗಾದರೂ ಮನೆ ಬಿದ್ದರೆ ‘ಅವರೇನು ಪಾಪ ಮಾಡಿದ್ದರೋ’ ಎಂಬ ಪಿಸುಮಾತೂ ಅದರ ಹಿಂದೆಯೇ ಬರುತ್ತದೆ.

ಲೂಕನ ಶುಭಸಂದೇಶದ 13ನೆಯ ಅಧ್ಯಾಯ ತೆರೆಯಿರಿ. ಸಿಲೋವಾಮಿನಲ್ಲಿ ಗೋಪುರ ಕುಸಿದು 18 ಮಂದಿ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚಿನ ಪಾಪಿಗಳೇ ಎಂದು ಯೇಸುಸ್ವಾಮಿಯೇ ಕೇಳಿ, ಅಲ್ಲವೆಂದು ಅವರೇ ಉತ್ತರ ಕೊಡುತ್ತಾರೆ. ಮನಪರಿವರ್ತನೆಯ ಮಾತನ್ನೂ ಆಡುತ್ತಾರೆ ನಿಜ, ಆದರೆ ಅದನ್ನು ಹೇಳುವುದು ಎದುರಿಗೆ ನಿಂತು ಕೇಳುತ್ತಿದ್ದವರಿಗೆ. ಸತ್ತವರ ಮೇಲೆ ಹೊರೆ ಹಾಕಲು ಅವರು ಬಿಡುವುದಿಲ್ಲ. ಎಲ್ಲರೂ ಎತ್ತಿ ತೋರಿಸುವ ಮತ್ತಾಯನ 24ನೆಯ ಅಧ್ಯಾಯದಲ್ಲೂ ಭೂಕಂಪಗಳ ಮಾತು ಬರುತ್ತದೆ, ಅದೇ ಜಾಗದಲ್ಲಿ ಕಳವಳಪಡಬೇಡಿ ಎಂಬ ಮಾತೂ ಇದೆ. ಮೆಸೇಜಿನಲ್ಲಿ ಅದನ್ನು ಕತ್ತರಿಸಿರುತ್ತಾರೆ.

ಈ ಪಾಠಕ್ಕೆ ನಮಗೆ ಜೆರುಸಲೇಮಿನವರೆಗೂ ಹೋಗಬೇಕಿಲ್ಲ. 2004ರ ಡಿಸೆಂಬರ್ 26, ಕ್ರಿಸ್ಮಸ್ಸಿನ ಮರುದಿನ, ಭಾನುವಾರ. ಸುಮಾತ್ರಾದ ಬಳಿ ಕಡಲಡಿಯಲ್ಲಿ ಭೂಮಿ ನಡುಗಿ ಎದ್ದ ಅಲೆ ವೇಳಾಂಗಣಿಯ ತೀರಕ್ಕೆ ಬಂದಾಗ ಅಲ್ಲಿ ತುಂಬಿದ್ದವರು ಆರೋಗ್ಯಮಾತೆಯ ದರ್ಶನಕ್ಕೆ ಬಂದಿದ್ದ ಯಾತ್ರಿಕರು. ನಮ್ಮ ಮನೆಗಳಿಂದಲೂ ವರ್ಷ ವರ್ಷ ಹೋಗುವ ಜಾಗವದು. ಅವರಲ್ಲಿ ಎಷ್ಟೋ ಮಂದಿ ಮರಳಲಿಲ್ಲ. ಅವರ ಪಾಪ ಎಣಿಸುವ ಧೈರ್ಯ ಯಾರಿಗಿದೆ? ಅಲೆ ನಮ್ಮ ಕರಾವಳಿ ಮುಟ್ಟಲು ಎರಡು ಗಂಟೆಗೂ ಹೆಚ್ಚು ಹಿಡಿದಿತ್ತು, ಎಚ್ಚರಿಸುವ ವ್ಯವಸ್ಥೆ ಇರಲಿಲ್ಲ. 2007ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಶುರುವಾಯಿತು. ಆ ಸಾವುಗಳಿಗೆ ದೇಶ ಕೊಟ್ಟ ಸರಿಯಾದ ಉತ್ತರಗಳಲ್ಲಿ ಅದೂ ಒಂದು ಎಂದು ನಾನು ಹೇಳುತ್ತೇನೆ.

ನಮ್ಮ ಉತ್ತರವೇನು? ಕಿಲ್ಲಾರಿಯನ್ನು ನೆನೆಯಿರಿ. ಮಹಾರಾಷ್ಟ್ರದ ಲಾತೂರಿನ ಕಡೆಯ ಊರು, ಅದನ್ನೂ ನಮ್ಮ ಹಾಗೆಯೇ ಸುರಕ್ಷಿತ ಸೀಮೆ ಎಂದುಕೊಂಡಿದ್ದರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಸಾವಿರಾರು ಜನ ತಮ್ಮದೇ ಮನೆಯ ಕೆಳಗೆ ಸತ್ತರು. ಭೂಕಂಪದ ತೀವ್ರತೆ 6.2. ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ ಮತ್ತು ಅದರ ಮೇಲಿನ ಭಾರವಾದ ಮಾಡು.

ಈಗ ನಮ್ಮ ಹಳ್ಳಿಗಳ ಹಳೆಯ ಮನೆಗಳ ಒಳಗೆ ನಿಂತು ಮೇಲೆ ನೋಡಿ. ಕಲ್ಲಿನ ಚಪ್ಪಡಿಗಳು. ಎಷ್ಟೋ ಕಡೆ ಅವುಗಳನ್ನು ಗೋಡೆಗೆ ಹಿಡಿದಿಡುವುದು ಅವುಗಳ ಭಾರ ಒಂದೇ. ಬೇಸಿಗೆಯಲ್ಲಿ ಎಷ್ಟು ತಂಪು, ನನಗೂ ಆ ಮನೆಗಳು ಪ್ರೀತಿ. ಆದರೆ ಗೋಡೆಯಲ್ಲಿ ಮೇಲಿಂದ ಕೆಳಗಿನವರೆಗೆ ಬಿರುಕಿದ್ದರೆ, ಅದರ ಕೆಳಗೇ ಮಂಚವಿದ್ದರೆ, 4ರ ಭೂಕಂಪವೂ ಬೇಕಿಲ್ಲ, ಒಂದು ಜೋರು ಮಳೆ ಸಾಕು. ಹೊಸೂರು ಪಟ್ಟಣದ ಕಥೆ ಬೇರೆ. ಸಿಪ್‌ಕಾಟ್ ಸುತ್ತ ಬಾಡಿಗೆಯ ಆಸೆಗೆ ಒಂದರ ಮೇಲೊಂದು ಮಹಡಿ ಏರುತ್ತಿದೆ, ಕೆಳಗೆ ಕಾರು ನಿಲ್ಲಿಸಲು ಬರೀ ಪಿಲ್ಲರುಗಳು. ಒಂದೊಂದು ಕೋಣೆಯಲ್ಲಿ ಬಿಹಾರ, ಒಡಿಶಾದ ಐದಾರು ಹುಡುಗರು. ಆ ಕಟ್ಟಡಗಳ ಮಾಲೀಕರಲ್ಲಿ ನಮ್ಮ ಧರ್ಮಕೇಂದ್ರದವರೂ ಇದ್ದಾರೆ, ಮೇಸ್ತ್ರಿಗಳೂ ಇದ್ದಾರೆ. ಕಂಬಿ ಕಡಿಮೆ ಮಾಡಿದ್ದು ಎಲ್ಲಿ, ಪ್ಲಾನ್‌ನಲ್ಲಿ ಇಲ್ಲದ ಮಹಡಿ ಯಾವುದು ಎಂದು ಅವರಿಗೆ ಗೊತ್ತಿರುತ್ತದೆ. ತಪಸ್ಸುಕಾಲದ ಆತ್ಮಶೋಧನೆಯಲ್ಲಿ ಇದೂ ಬರಬೇಕಲ್ಲವೇ?

ಪ್ರೇಷಿತರ ಕಾರ್ಯಕಲಾಪಗಳ 16ನೆಯ ಅಧ್ಯಾಯದಲ್ಲಿ ಫಿಲಿಪ್ಪಿಯ ಸೆರೆಮನೆ ಭೂಕಂಪಕ್ಕೆ ಅಲುಗಿ ಬಾಗಿಲುಗಳೆಲ್ಲ ತೆರೆದುಕೊಳ್ಳುತ್ತವೆ. ಕೈದಿಗಳು ಓಡಿಹೋದರೆಂದು ಕಾವಲುಗಾರ ತನ್ನ ಜೀವ ತೆಗೆದುಕೊಳ್ಳಲು ಹೊರಟಾಗ, ಕತ್ತಲಲ್ಲಿ ಪೌಲ ಕೂಗಿ ಹೇಳುವುದು ತಾವೆಲ್ಲ ಅಲ್ಲೇ ಇದ್ದೇವೆಂದು. ನೆಲ ನಡುಗಿದ ಮೇಲೆ ನಮ್ಮ ಮೊಬೈಲಿನಿಂದ ಹೋಗಬೇಕಾದ ಸುದ್ದಿಯೂ ಅಂಥದ್ದೇ. ನಾವು ಕ್ಷೇಮ, ನೀವು ಹೇಗಿದ್ದೀರಿ, ಪಕ್ಕದ ಮನೆಯ ಅಜ್ಜಿ ಹೊರಗೆ ಬಂದರೇ?

ಯುವಮಿತ್ರರೇ, ಅನ್ಬಿಯಂ ಕೂಟಕ್ಕೆ ಮನೆಮನೆಗೆ ಹೋಗುವವರು ನೀವು. ಈ ತಿಂಗಳು ಜಪಮಾಲೆ ಮುಗಿದ ಮೇಲೆ ಎರಡು ನಿಮಿಷ ಗೋಡೆ ನೋಡಿ, ಮಾಡು ನೋಡಿ. ಬಿರುಕಿದ್ದಲ್ಲಿ ಮಂಚವನ್ನು ಅವತ್ತೇ ಈಚೆ ಎಳೆದುಹಾಕಿ. ರಿಪೇರಿಗೆ ಹಣವಿಲ್ಲದ ಮನೆಯಾದರೆ ವಿನ್ಸೆಂಟ್ ಡಿ ಪಾಲ್ ಸಭೆಯವರಿಗೆ ತಿಳಿಸಿ, ನಮ್ಮ ಮೇಸ್ತ್ರಿಗಳಲ್ಲೊಬ್ಬರನ್ನು ಕರೆದುಕೊಂಡು ಹೋಗಿ ತೋರಿಸಿ. ಮುಂದಿನ ಯುವಜನ ಸಭೆಗೆ ಬರುವಾಗ ನಿಮ್ಮ ಬೀದಿಯಲ್ಲಿ ಅಂಥ ಮನೆ ಎಷ್ಟಿವೆ ಎಂದು ಬರೆದು ತನ್ನಿ.