ನಂಬರ್ ಕೊಟ್ಟರೆ ಗೋಡೆ ಏಳದು

ಪರಿಚಯದ ಸೀರೆ ಅಂಗಡಿಯವರೊಬ್ಬರು ಗಾಬರಿಯಿಂದ ಫೋನ್ ಮಾಡಿದ್ದರು. ಅವರ ವೆಬ್‌ಸೈಟ್ ತೆರೆದರೆ ಯಾವುದೋ ಶಾಲೆಯ ಪುಟ ಬರುತ್ತಿತ್ತು. ಹ್ಯಾಕ್ ಆಗಿರಲಿಲ್ಲ. ಒಂದೇ ಸರ್ವರಿನ ಎರಡು ವರ್ಡ್‌ಪ್ರೆಸ್ ಸೈಟ್‌ಗಳು ಕ್ಯಾಶ್‌ಗೆ ಒಂದೇ ರೆಡಿಸ್ ಬಳಸುತ್ತಿದ್ದವು. ಕೀಗಳಿಗೆ ಬೇರೆ ಬೇರೆ ಪ್ರಿಫಿಕ್ಸ್ ಕೊಟ್ಟಿರಲಿಲ್ಲ. ಎರಡೂ ತಮ್ಮ ಸೆಟ್ಟಿಂಗ್‌ಗಳನ್ನು 'ಆಲ್‌ಆಪ್ಷನ್ಸ್' ಎಂಬ ಒಂದೇ ಹೆಸರಿನಲ್ಲಿ ಬರೆದಿಡುತ್ತಿದ್ದವು. ಸೈಟ್‌ನ ವಿಳಾಸ ಇರುವುದೂ ಅದರಲ್ಲೇ.

ಹೋಸ್ಟಿಂಗ್‌ನವರ ಸಿದ್ಧ ಪರಿಹಾರ ಒಂದಿದೆ: ರೆಡಿಸ್‌ನಲ್ಲಿ 0ಯಿಂದ 15ರವರೆಗೆ 16 ಡೇಟಾಬೇಸ್‌ಗಳಿವೆಯಲ್ಲ, ಸೈಟಿಗೊಂದು ಕೊಟ್ಟರಾಯಿತು. ಕೀಗಳು ಬೆರೆಯುವುದು ಇದರಿಂದ ನಿಲ್ಲುತ್ತದೆ, ನಿಜ. ಉಳಿದ ತೊಂದರೆಗಳು ಹಾಗೇ ಇರುತ್ತವೆ. ಮೆಮರಿಯ ಮಿತಿ ಹದಿನಾರಕ್ಕೂ ಸೇರಿ ಒಂದೇ. ಹಬ್ಬದ ಮಾರಾಟಕ್ಕೆ ಒಂದು ಸೈಟ್ ಉಬ್ಬಿದರೆ ಇನ್ನೊಂದರ ಕೀಗಳು ಹೊರಬೀಳುತ್ತವೆ. ರೆಡಿಸ್ ಕಮಾಂಡ್‌ಗಳನ್ನು ಒಂದಾದ ಮೇಲೊಂದರಂತೆ ನಡೆಸುತ್ತದೆ. ಲಕ್ಷಾಂತರ ಕೀಗಳ ಮೇಲೆ ಒಬ್ಬರು 'ಕೀಸ್' ಓಡಿಸಿದರೆ ಮಿಕ್ಕವರೆಲ್ಲ ಕಾಯಬೇಕು. 'ಫ್ಲಶ್‌ಡಿಬಿ' ಎನ್ನುವಲ್ಲಿ 'ಫ್ಲಶ್‌ಆಲ್' ಎಂದು ಟೈಪ್ ಮಾಡಿದರಂತೂ ಹದಿನಾರೂ ಖಾಲಿ. ಮುಂದೆ ರೆಡಿಸ್ ಕ್ಲಸ್ಟರ್‌ಗೆ ಹೋಗೋಣವೆಂದರೆ ಅಲ್ಲಿ ಸಿಗುವುದು 0 ಒಂದೇ. ರೆಡಿಸ್ ಬರೆದ ಸಾಲ್ವಟೋರೆ ಸ್ಯಾನ್‌ಫಿಲಿಪ್ಪೊ ಅವರೇ ಈ ನಂಬರ್ ಡೇಟಾಬೇಸ್‌ಗಳನ್ನು ತಮ್ಮ ಕೆಟ್ಟ ನಿರ್ಧಾರವೆಂದು ಒಪ್ಪಿಕೊಂಡಿದ್ದಾರೆ.

ಕ್ಯಾಶ್ ಇರುವಲ್ಲೇ ಕ್ಯೂ ಕೂಡ ಇಟ್ಟರೆ ಇನ್ನೂ ಅಪಾಯ. ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲದ ಸರ್ವರ್ ನಡೆಸುವವರು ಇದನ್ನು ಬಲ್ಲರು. ಜಾಗ ತುಂಬಿದಾಗ ಹಳೆಯದನ್ನು ಎಸೆಯುವುದೇ ಕ್ಯಾಶ್‌ನ ಧರ್ಮ. ಮಾಸ್ಟೊಡಾನ್‌ನ ಕೆಲಸಗಳನ್ನು ಸರದಿಯಲ್ಲಿಡುವ ಸೈಡ್‌ಕಿಕ್ ಕ್ಯೂಗಾದರೋ ಒಂದನ್ನೂ ಎಸೆಯದ 'ನೋಎವಿಕ್ಷನ್' ನೀತಿಯೇ ಬೇಕು. ಆದರೆ ಇಡೀ ರೆಡಿಸ್ ಇನ್‌ಸ್ಟೆನ್ಸ್‌ಗೆ ಇರುವುದು ಒಂದೇ ನೀತಿ. ಎಸೆಯಲು ಬಿಟ್ಟರೆ ಕಳುಹಿಸಬೇಕಿದ್ದ ಪೋಸ್ಟ್‌ಗಳು ಸದ್ದಿಲ್ಲದೆ ಮಾಯವಾಗಬಹುದು. ಬಿಡದಿದ್ದರೆ ಮೆಮರಿ ತುಂಬಿದ ಗಳಿಗೆಯಿಂದ ಹೊಸದಾಗಿ ಬರೆಯಹೋದದ್ದೆಲ್ಲ ಎರರ್.

ಸೇವೆಗೊಂದು ಇನ್‌ಸ್ಟೆನ್ಸ್ ಇರಲೇಬೇಕು ಎಂಬುದು ನಮ್ಮ ನಿಲುವು: ಪೋರ್ಟ್ ಬೇರೆ, ಪಾಸ್‌ವರ್ಡ್ ಬೇರೆ, ಮೆಮರಿ ಮಿತಿ ಬೇರೆ. ಸರ್ವರ್ ತಾಳದು ಎಂಬ ಅಂಜಿಕೆ ಬೇಡ. ಖಾಲಿ ರೆಡಿಸ್‌ಗೆ ಬೇಕಾಗುವ ಮೆಮರಿ ಸುಮಾರು 3 ಎಂಬಿ ಅಷ್ಟೆ. ಇನ್‌ಸ್ಟೆನ್ಸ್‌ಗೆ ಇಷ್ಟೆಂದು ಬಿಲ್ ಬರುವ ಕ್ಲೌಡ್ ಸೇವೆಗಳಲ್ಲಿ ಲೆಕ್ಕ ಬಿಗಿ, ಒಪ್ಪುತ್ತೇವೆ. ಅಲ್ಲಿ ಒಬ್ಬರದೇ ಹಲವು ಆ್ಯಪ್‌ಗಳ ಕ್ಯಾಶ್‌ಗಳು ಪ್ರಿಫಿಕ್ಸ್ ಹಚ್ಚಿಕೊಂಡು ಒಂದೆಡೆ ಇರಲಿ, ಕ್ಯೂ ಮಾತ್ರ ಬೇರೆಡೆ ಇರಲಿ. ಗ್ರಾಹಕರು ಇಬ್ಬರಾದರೆ ಬಿಲ್ ಎಷ್ಟೇ ಬರಲಿ, ರೆಡಿಸ್ ಎರಡು.